ಅದನ್ನೂ ಬಾಯಿಬಿಟ್ಟು ಹೇಳಬೇಕೇ?

ಮನೆಯೊಳಗೆ ಕೆಲವು ಮಾತುಗಳಿಗೆ ಯಾವ ಸಂಕೋಚವೂ ಇಲ್ಲ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದದ್ದು, ಬಚ್ಚಲಿನ ದೀಪ ಆರಿಸದೆ ಬಂದದ್ದು, ಪೇಸ್ಟಿನ ಮುಚ್ಚಳ ಹಾಕದೆ ಬಿಟ್ಟದ್ದು ಇವೆಲ್ಲ ಅರೆಗಳಿಗೆಯಲ್ಲಿ ಸಂಬಂಧಪಟ್ಟವರ ಕಿವಿಗೆ ಬೀಳುತ್ತವೆ. ಬೀಳುವಾಗ ಒಂಟಿಯಾಗಿ ಬರುವುದಿಲ್ಲ. ಹೋದ ವರ್ಷದ ಟವೆಲು, ಅದರ ಹಿಂದಿನ ವರ್ಷದ ಟವೆಲು ಎಲ್ಲವೂ ಮೆರವಣಿಗೆಯಲ್ಲಿ ಬರುತ್ತವೆ. ‘ಅದನ್ನೇನು ಹೇಳೋದು, ಅವರಿಗೇ ಗೊತ್ತಾಗುತ್ತೆ ಬಿಡು’ ಎಂದು ಆಗ ಯಾರೂ ಸುಮ್ಮನಾಗುವುದಿಲ್ಲ. ಅದೇ ಟವೆಲಿನ ಮನುಷ್ಯ ಇಪ್ಪತ್ತು ವರ್ಷಗಳಿಂದ ಎಲ್ಲರೂ ಮಲಗಿದ ಮೇಲೆ ಬಾಗಿಲ ಚಿಲಕ, ಗ್ಯಾಸು, ನಲ್ಲಿ ಮೂರನ್ನೂ ಒಮ್ಮೆ ನೋಡಿಕೊಂಡು ಬಂದು ಮಲಗುತ್ತಿದ್ದಾನೆ. ‘ನೀನು ನೋಡಿರ್ತೀಯ ಅಂತಲೇ ನನಗೆ ನಿಶ್ಚಿಂತೆಯ ನಿದ್ದೆ’ ಎಂಬ ಒಂದು ವಾಕ್ಯ ಮಾತ್ರ ಈ ಇಪ್ಪತ್ತು ವರ್ಷಗಳಲ್ಲಿ ಅವನ ಕಿವಿಗೆ ಬಿದ್ದಿಲ್ಲ. ಯಾಕೆಂದು ಕೇಳಿದರೆ ಉತ್ತರ ಸಿದ್ಧವಿದೆ: ‘ಅದನ್ನೂ ಬಾಯಿಬಿಟ್ಟು ಹೇಳಬೇಕೇ?’

ಅಂದರೆ ತಕರಾರಿಗೆ ನಾಲಿಗೆ, ಅಕ್ಕರೆಗೆ ಟೆಲಿಪಥಿ. ಈ ಏರ್ಪಾಡು ಎಷ್ಟು ಮನೆಗಳಲ್ಲಿ ಎಷ್ಟು ಸಲೀಸಾಗಿ ನಡೆದುಕೊಂಡು ಬಂದಿದೆಯೆಂದರೆ, ಅದರಲ್ಲೇನೋ ಎಡವಟ್ಟಿದೆ ಎಂದು ಯಾರಿಗೂ ಅನ್ನಿಸುವುದೇ ಇಲ್ಲ.

ಕನ್ನಡಕ್ಕೆ ಪದಗಳ ಬಡತನವೇನೂ ಇಲ್ಲ. ಒಲವು, ನಲ್ಮೆ, ಅಕ್ಕರೆ, ಮಮತೆ, ವಾತ್ಸಲ್ಯ, ಸಲಿಗೆ, ಕಕ್ಕುಲಾತಿ. ಒಂದೊಂದಕ್ಕೂ ಒಂದೊಂದು ಹದ. ಕಕ್ಕುಲಾತಿಯಲ್ಲಿ ಪ್ರೀತಿಯ ಜೊತೆ ಸಣ್ಣ ಆತಂಕ ಬೆರೆತಿರುತ್ತದೆ, ಸಲಿಗೆಯಲ್ಲಿ ಬೈಯುವ ಹಕ್ಕೂ ಸೇರಿರುತ್ತದೆ. ಆದರೆ ಇವೆಲ್ಲ ಇನ್ನೊಬ್ಬರ ಪ್ರೀತಿಯನ್ನು ಬಣ್ಣಿಸಲು ಒದಗುವ ಪದಗಳು. ನಮ್ಮದನ್ನು ನಾವೇ ಹೇಳಬೇಕಾಗಿ ಬಂದಾಗ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದರೆ ಡಬ್ಬಿಂಗ್ ಆದ ಸಿನಿಮಾದ ಸಂಭಾಷಣೆಯಂತೆ ಕೇಳಿಸುತ್ತದೆ. ಹೇಳಿದವರಿಗೇ ನಗು ಬರುತ್ತದೆ. ಹಾಗಾಗಿ ಅಕ್ಕರೆ ಬೇರೆ ದಾರಿ ಹಿಡಿದಿದೆ. ‘ಹುಷಾರು’, ‘ತಲೆ ಒರೆಸಿಕೋ’, ‘ಸಾಕು, ಇನ್ನು ಮಲಗು’, ‘ತಲುಪಿದ ಕೂಡಲೇ ಫೋನ್ ಮಾಡು.’ ವ್ಯಾಕರಣದಲ್ಲಿ ಇದು ವಿಧ್ಯರ್ಥ, ಅಂದರೆ ಅಪ್ಪಣೆ. ಹೇಳಿದವರ ಎದೆಯೊಳಗೆ ಇದ್ದದ್ದು ಕಕ್ಕುಲಾತಿ, ಹೊರಗೆ ಬಂದದ್ದು ಹುಕುಂ. ಕೇಳಿಸಿಕೊಂಡವರು ಅದನ್ನು ಬಿಡಿಸಿ ಓದಿಕೊಳ್ಳಬೇಕು. ಮೂವತ್ತು ದಾಟಿದವರು ಓದಿಕೊಳ್ಳುತ್ತಾರೆ. ಹದಿನೈದರ ಹುಡುಗನಿಗೆ ಅದು ಹುಕುಮಾಗಿಯೇ ಕೇಳಿಸುತ್ತದೆ. ಅವನು ತಲುಪಿಯೂ ಫೋನ್ ಮಾಡುವುದಿಲ್ಲ.

ಇದಕ್ಕೆ ಮದ್ದು ಕಷ್ಟದ್ದಲ್ಲ. ಅಪ್ಪಣೆಯ ಬಾಲಕ್ಕೆ ಅದರ ಕಾರಣವನ್ನು ಕಟ್ಟಿದರಾಯಿತು. ‘ತಲುಪಿದ ಕೂಡಲೇ ಫೋನ್ ಮಾಡು, ಅಲ್ಲಿವರೆಗೂ ನನಗೆ ನಿದ್ದೆ ಹತ್ತಲ್ಲ.’ ಹೆಚ್ಚಿಗೆ ಖರ್ಚಾದದ್ದು ನಾಲ್ಕೇ ಪದ. ಮೊದಲಿನ ವಾಕ್ಯ ಆ ಹುಡುಗನ ಮೇಲಿನ ಹದ್ದುಗಣ್ಣಿನಂತಿತ್ತು. ಈಗಿನದರಲ್ಲಿ ಹೇಳಿದವರ ಕಣ್ಣು ತೆರೆದೇ ಇರುವ ಚಿತ್ರವಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ‘ನಿನ್ನಿಂದಾಗಿ ನನಗೆ ನಿದ್ದೆ ಇಲ್ಲ’ ಎಂದರೆ ಅದೇ ಸಂಗತಿ ಮತ್ತೆ ತಕರಾರಾಯಿತು. ಹಾಗೆ ಮಾಡಿದ್ದು ‘ನಿನ್ನಿಂದಾಗಿ’ ಎಂಬ ಒಂದೇ ಪದ.

ಹೇಳದಿರುವುದಕ್ಕೆ ಕೊಡುವ ಕಾರಣ ‘ಅವರಿಗೆ ಗೊತ್ತಿದೆ’ ಎಂದಾದರೂ ನಿಜವಾದ ಕಾರಣ ಮುಜುಗರ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಮನಶ್ಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮುಜುಗರವನ್ನೇ ತೂಗಿ ನೋಡಿತು. ತಮ್ಮ ಬದುಕಿಗೆ ಉಪಕಾರ ಮಾಡಿದವರೊಬ್ಬರಿಗೆ ಕೃತಜ್ಞತೆಯ ಪತ್ರ ಬರೆಯಿರಿ, ಅವರಿಗೆ ಅದನ್ನು ಓದಿ ಹೇಗನ್ನಿಸಬಹುದು ಎಂದೂ ಅಂದಾಜು ಮಾಡಿ ಎಂದು ಕೆಲವರಿಗೆ ಹೇಳಿದರು. ಆಮೇಲೆ ಪತ್ರ ಪಡೆದವರನ್ನೇ ಕೇಳಿದರು. ಬರೆದವರ ಅಂದಾಜು ತಪ್ಪಿತ್ತು. ಓದುವವರಿಗೆ ಇರಿಸುಮುರಿಸಾಗುತ್ತದೆ ಎಂದು ಹೆಚ್ಚಾಗಿ ಎಣಿಸಿದ್ದರು, ಎಷ್ಟು ಖುಷಿಯಾಗುತ್ತದೆ ಎಂಬುದನ್ನು ಕಡಿಮೆ ಎಣಿಸಿದ್ದರು. ಯಾಕೆ ಹೀಗೆ ಎಂದು ನೋಡಿದರೆ, ಬರೆಯುವವರು ತಲೆ ಕೆಡಿಸಿಕೊಂಡದ್ದು ಪದ ಸರಿಯಾಗಿದೆಯೇ, ವಾಕ್ಯ ಬಾಲಿಶವಾಯಿತೇ ಎಂಬುದರ ಬಗ್ಗೆ. ಓದಿದವರ ಕಣ್ಣಿಗೆ ಬಿದ್ದದ್ದು ಬೆಚ್ಚಗಿನ ಮನಸ್ಸು. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡು ಓಡಿ ಬಂದ ನೆಂಟನನ್ನು ಕಂಡಾಗ ಅವನು ಬಂದನಲ್ಲ ಎನ್ನುವುದೇ ಸಂತೋಷ. ಗುಂಡಿ ಎಣಿಸುತ್ತ ಯಾರೂ ನಿಲ್ಲುವುದಿಲ್ಲ.

ದೊಡ್ಡ ಮಾತುಗಳ ಕತೆ ಹಾಗಿರಲಿ. ಅಕ್ಕರೆಯ ಚಿಲ್ಲರೆ ವ್ಯವಹಾರ ನಡೆಯುವುದು ಇನ್ನೂ ಸಣ್ಣ ನಾಣ್ಯಗಳಲ್ಲಿ. ಒಬ್ಬರು ಕಿಟಕಿಯ ಬಳಿ ನಿಂತು ‘ಅಬ್ಬಾ, ಎಷ್ಟು ದೊಡ್ಡ ಹಕ್ಕಿ ನೋಡು’ ಎನ್ನುತ್ತಾರೆ. ಇನ್ನೊಬ್ಬರು ಕುರ್ಚಿಯಲ್ಲಿದ್ದಾರೆ, ಕೈಯಲ್ಲಿ ಫೋನಿದೆ. ಈಗ ಆಗಬಹುದಾದದ್ದು ಮೂರು. ತಲೆ ಎತ್ತಿ ‘ಎಲ್ಲಿ?’ ಎನ್ನಬಹುದು. ತಲೆ ಎತ್ತದೆ ಏನೂ ಅನ್ನದೆ ಇರಬಹುದು. ಅಥವಾ ‘ಕೆಲಸ ಮಾಡ್ತಿದ್ದೀನಿ, ಕಾಣಲ್ವಾ?’ ಎಂದು ರೇಗಬಹುದು. ಹಕ್ಕಿಯಂತೂ ನೆಪ. ಕಿಟಕಿಯ ಬಳಿ ಇದ್ದವರು ಕೇಳಿದ್ದು, ಒಂದು ನಿಮಿಷ ನನ್ನ ಜೊತೆ ಇರುತ್ತೀಯಾ ಎಂದು. ಸಂಸಾರಗಳನ್ನು ಪ್ರಯೋಗಾಲಯದಲ್ಲಿಟ್ಟು ನೋಡಿದ ಅಮೆರಿಕದ ಜಾನ್ ಗಾಟ್ಮನ್ ಇಂಥ ಸಣ್ಣ ಕರೆಗಳನ್ನೇ ಎಣಿಸಿದರು. ಹೊಸದಾಗಿ ಮದುವೆಯಾದ ಜೋಡಿಗಳನ್ನು ನೋಡಿಟ್ಟುಕೊಂಡು ಆರು ವರ್ಷಗಳ ಮೇಲೆ ಮತ್ತೆ ವಿಚಾರಿಸಿದಾಗ, ಜೊತೆಯಲ್ಲೇ ಉಳಿದಿದ್ದವರು ಅಂದು ಸರಾಸರಿ ನೂರರಲ್ಲಿ 86 ಕರೆಗಳಿಗೆ ಓಗೊಟ್ಟಿದ್ದರು, ಬೇರೆಯಾದವರು 33ಕ್ಕೆ. ಜೊತೆಯಲ್ಲಿ ಉಳಿದವರ ಸರಾಸರಿಯೂ ನೂರಕ್ಕೆ ನೂರಲ್ಲ ಎನ್ನುವುದು ನನಗೆ ದೊಡ್ಡ ಸಮಾಧಾನ. ಹದಿನಾಲ್ಕು ಹಕ್ಕಿಗಳನ್ನು ನೋಡದೆಯೂ ಸಂಸಾರ ನಡೆಯುತ್ತದೆ.

ಈ ಮೂರರಲ್ಲಿ ರೇಗುವುದೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ತೋರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ರೇಗಿದವರ ಜೊತೆ ಜಗಳವಾಡಬಹುದು, ಜಗಳದಲ್ಲಿ ಇಬ್ಬರೂ ಇರುತ್ತಾರೆ. ಏನೂ ಅನ್ನದೆ ಬೆರಳಿನಿಂದ ಪರದೆ ಮೇಲಕ್ಕೆ ಸರಿಸುತ್ತ ಕುಳಿತವರ ಜೊತೆ ಏನು ಮಾಡಲು ಬರುತ್ತದೆ? ಕಿಟಕಿಯ ಬಳಿ ಇದ್ದವರು ಎರಡನೆಯ ಸಲ ಕರೆಯುತ್ತಾರೆ, ಮೂರನೆಯ ಸಲ ದನಿ ತಗ್ಗಿಸಿ ತಮಗೇ ಹೇಳಿಕೊಂಡಂತೆ ಹೇಳುತ್ತಾರೆ, ನಾಲ್ಕನೆಯ ಸಲ ಹಕ್ಕಿಯನ್ನು ಒಬ್ಬರೇ ನೋಡುತ್ತಾರೆ. ಕರೆ ನಿಂತುಹೋದದ್ದು ಕುರ್ಚಿಯಲ್ಲಿದ್ದವರಿಗೆ ಗೊತ್ತಾಗುವುದೇ ಇಲ್ಲ. ಮನೆ ಈಚೆಗೆ ಶಾಂತವಾಗಿದೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಕೈಬಿಡುವಿಲ್ಲದಿದ್ದರೆ ‘ಎರಡು ನಿಮಿಷ ಕೊಡು, ಬಂದೆ’ ಎಂದರೂ ಓಗೊಟ್ಟಂತೆಯೇ. ಆದರೆ ಆಮೇಲೆ ಹೋಗಲೇಬೇಕು. ಹಕ್ಕಿ ಹಾರಿಹೋಗಿದ್ದರೂ ಹೋಗಿ ‘ಏನು ಹಕ್ಕಿ ಅದು?’ ಎಂದು ಕೇಳಬೇಕು.

ಒಳ್ಳೆಯ ಸುದ್ದಿಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕಷ್ಟಕ್ಕೆ ಆಗುವವರೇ ನಿಜವಾದ ನೆಂಟರು ಎಂದು ನಾವು ನಂಬಿದ್ದೇವೆ, ಸುಖಕ್ಕೆ ಆಗುವುದೂ ಒಂದು ಕಲೆ ಎಂಬುದನ್ನು ಮರೆತಿದ್ದೇವೆ. ಶೆಲ್ಲಿ ಗೇಬಲ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಒಳ್ಳೆಯ ಸುದ್ದಿಗೆ ಬರುವ ಉತ್ತರಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ‘ನನಗೆ ಬಡ್ತಿ ಸಿಕ್ಕಿತು’ ಎಂದು ಒಬ್ಬರು ಬಾಗಿಲಲ್ಲೇ ಹೇಳಿದರು ಅನ್ನಿ. ‘ಹೌದಾ! ಯಾವಾಗ ಹೇಳಿದರು? ಮೊದಲು ಏನಂದರು? ನಿನ್ನ ಮುಖ ಹೇಗಾಯ್ತು?’ ಇದು ಒಂದು. ‘ಓಹ್, ಒಳ್ಳೇದಾಯ್ತು’ ಎಂದು ಮಾಡುತ್ತಿದ್ದ ಕೆಲಸಕ್ಕೆ ಮರಳುವುದು ಎರಡನೆಯದು. ‘ಇನ್ನು ಮನೆಗೆ ಬರೋದು ರಾತ್ರಿ ಹತ್ತು ಗಂಟೆ ಅನ್ನು’ ಎಂಬುದು ಮೂರನೆಯದು. ‘ಅದಿರಲಿ, ನಲ್ಲಿ ರಿಪೇರಿಯವನು ಬಂದಿದ್ದನಾ?’ ನಾಲ್ಕನೆಯದು. ಇವರ ಅಧ್ಯಯನಗಳಲ್ಲಿ ಸಂಬಂಧದ ತೃಪ್ತಿಯ ಜೊತೆ ಕೂಡಿಬಂದದ್ದು ಮೊದಲನೆಯದು ಮಾತ್ರ. ಎರಡನೆಯದು ನಿರುಪದ್ರವಿ ಎಂದುಕೊಂಡವರಿಗೆ ಅಚ್ಚರಿಯಾಗಬಹುದು. ‘ಒಳ್ಳೇದಾಯ್ತು’ ಎನ್ನುವುದರಲ್ಲಿ ತಪ್ಪೇನಿದೆ? ತಪ್ಪಿಲ್ಲ, ಪ್ರಶ್ನೆಯಿಲ್ಲ ಅಷ್ಟೆ. ಸುದ್ದಿ ತಂದವರಿಗೆ ಅದನ್ನು ಇನ್ನೊಮ್ಮೆ, ಇನ್ನಷ್ಟು ವಿವರವಾಗಿ ಹೇಳುವ ಆಸೆ ಇರುತ್ತದೆ. ಪ್ರಶ್ನೆ ಎಂದರೆ ಅದಕ್ಕೆ ಹಾಕಿಕೊಟ್ಟ ಮಣೆ. ಎರಡು ಪ್ರಶ್ನೆ ಕೇಳಿದರೆ ಸಾಕು. ರಾತ್ರಿ ಹತ್ತು ಗಂಟೆಯ ವಿಚಾರವನ್ನು ನಾಳೆ ಎತ್ತಬಹುದು, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ಮಾತಾಯಿತು, ಇನ್ನು ಮುಟ್ಟುವ ಸಂಗತಿ. ಚರ್ಮಕ್ಕೆ ಅಕ್ಕರೆಯನ್ನು ಗುರುತಿಸುವ ತನ್ನದೇ ಏರ್ಪಾಡಿದೆ. ಕೂದಲಿರುವ ಚರ್ಮದಲ್ಲಿ, ಉದಾಹರಣೆಗೆ ತೋಳಿನಲ್ಲಿ, ಸಿ-ಟ್ಯಾಕ್ಟೈಲ್ ಎಂಬ ತೆಳ್ಳನೆಯ ನರತಂತುಗಳಿವೆ. ಇವು ಬಹಳ ನಿಧಾನ. ಸುದ್ದಿಯನ್ನು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಒಯ್ಯುತ್ತವೆ. ಮುಟ್ಟಿದ್ದು ಏನು, ಎಲ್ಲಿ ಎಂದು ಹೇಳುವ ದಪ್ಪ ತಂತುಗಳು ಇವಕ್ಕಿಂತ ಹತ್ತಾರು ಪಟ್ಟು ಚುರುಕು. ಆ ದಪ್ಪ ತಂತುಗಳು ಕಾಯಿಲೆಯಿಂದ ಹಾಳಾಗಿದ್ದ ಮಹಿಳೆಯೊಬ್ಬರನ್ನು ಸ್ವೀಡನ್ನಿನ ಹೋಕನ್ ಉಲಾಸ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಮೃದು ಬ್ರಷ್ಷಿನಿಂದ ಅವರ ತೋಳನ್ನು ಸವರಿದಾಗ ಏನು ತಾಕಿತು ಎಂದು ಹೇಳಲು ಅವರಿಗೆ ಬರುತ್ತಿರಲಿಲ್ಲ, ಆದರೆ ಏನೋ ಹಿತವೆನಿಸುತ್ತಿತ್ತು. ಮುಟ್ಟಿದ ವಿವರವೆಲ್ಲ ಅಳಿಸಿಹೋದರೂ ಹಿತವೊಂದು ಉಳಿದಿತ್ತು. ಇಡೀ ಶರೀರಶಾಸ್ತ್ರದಲ್ಲಿ ಇದಕ್ಕಿಂತ ಚೆಂದದ ಸಂಗತಿ ಇದೆಯೋ ಇಲ್ಲವೋ!

ಈ ತಂತುಗಳು ಬಲು ಚೌಕಾಸಿಯವು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಯ ಬಿಸುಪಿನ ಕೈಯಿಂದ, ಹಗುರವಾಗಿ ಸವರಿದರೆ ಇವು ಹೆಚ್ಚಾಗಿ ಸ್ಪಂದಿಸುತ್ತವೆ. ಲೆಕ್ಕ ಹಾಕಿ. ಮಣಿಕಟ್ಟಿನಿಂದ ಮೊಣಕೈಗೆ ಸುಮಾರು 25 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅಷ್ಟು ದೂರ ಸವರಲು ಐದಾರು ಸೆಕೆಂಡು ಬೇಕು. ಒಂದು ಸೆಕೆಂಡಿನಲ್ಲಿ ಉಜ್ಜಿ ಮುಗಿಸಿದರೆ ಧೂಳು ಒರೆಸಿದಂತಾಗುತ್ತದೆ. ತಣ್ಣಗಿನ ಕೈ ಇದ್ದರೆ ಮೊದಲು ಅಂಗೈಗಳನ್ನು ತಿಕ್ಕಿ ಬೆಚ್ಚಗೆ ಮಾಡಿಕೊಳ್ಳಬೇಕು. ಇದನ್ನೆಲ್ಲ ಯಾರಿಗೂ ಕಲಿಸಬೇಕಾಗಿಲ್ಲ ಎನ್ನುವುದು ಬೇರೆ ಮಾತು. ಮಗುವನ್ನೋ ಸಂಗಾತಿಯನ್ನೋ ಸವರಿ ಎಂದಾಗ ಜನ ತಾವಾಗಿಯೇ ಈ ವೇಗಕ್ಕೆ ಬರುತ್ತಾರೆ, ಕೃತಕ ಕೈಯೊಂದನ್ನು ಮುಂದಿಟ್ಟಾಗ ಬೇಗ ಬೇಗ ಸವರಿ ಮುಗಿಸುತ್ತಾರೆ ಎಂದು ಪ್ರಯೋಗಗಳು ತೋರಿಸಿವೆ. ಕೈಗೆ ಗೊತ್ತು. ಕೆಡುವುದು ಮನಸ್ಸು ಬೇರೆಲ್ಲೋ ಇದ್ದಾಗ: ಟಿವಿ ನೋಡುತ್ತ ಒಂದೇ ಜಾಗದಲ್ಲಿ ಹೆಬ್ಬೆರಳು ಆಡಿಸುತ್ತಿದ್ದರೆ ಎರಡು ನಿಮಿಷದಲ್ಲಿ ಅಲ್ಲಿ ಉರಿ ಶುರುವಾಗುತ್ತದೆ.

ಅಪ್ಪುಗೆಯ ಕಾಲಮಾನದ ಬಗ್ಗೆಯೂ ಒಂದು ಮಾತು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಕ್ರೀಡಾಪಟುಗಳು ತರಬೇತುದಾರರನ್ನು, ಜೊತೆಗಾರರನ್ನು, ಎದುರಾಳಿಗಳನ್ನು ಅಪ್ಪಿಕೊಂಡ 188 ದೃಶ್ಯಗಳನ್ನು ಗಡಿಯಾರ ಹಿಡಿದು ನೋಡಿದವರಿದ್ದಾರೆ; ಸರಾಸರಿ ಮೂರು ಸೆಕೆಂಡು ಚಿಲ್ಲರೆ. ಒಂದು, ಐದು, ಹತ್ತು ಸೆಕೆಂಡುಗಳ ಅಪ್ಪುಗೆಯನ್ನು ಹೋಲಿಸಿದ 2021ರ ಅಧ್ಯಯನದಲ್ಲಿ ಒಂದು ಸೆಕೆಂಡಿನದು ಕಡಿಮೆ ಹಿತವೆನಿಸಿತು. ‘ಇಪ್ಪತ್ತು ಸೆಕೆಂಡು ಅಪ್ಪಿಕೊಳ್ಳಿ’ ಎಂಬ ಉಪದೇಶವನ್ನು ಎಲ್ಲರೂ ಕೇಳಿರುತ್ತೀರಿ. ಆ ಇಪ್ಪತ್ತು ಸೆಕೆಂಡು ಸಿಗುವ ಹಳೆಯ ಪ್ರಯೋಗವೊಂದಿದೆ, 2003ರದ್ದು. ಅದರಲ್ಲಿ ಜೋಡಿಗಳು ಮೊದಲು ಹತ್ತು ನಿಮಿಷ ಕೈ ಹಿಡಿದು ಕುಳಿತಿದ್ದರು, ಆಮೇಲೆ ಇಪ್ಪತ್ತು ಸೆಕೆಂಡು ಅಪ್ಪಿಕೊಂಡರು. ಬಳಿಕ ಭಾಷಣ ಮಾಡಬೇಕಾಗಿ ಬಂದಾಗ ಅವರ ರಕ್ತದೊತ್ತಡ, ಎದೆಬಡಿತ ಉಳಿದವರಷ್ಟು ಏರಲಿಲ್ಲ. ಉಪದೇಶ ಮಾಡುವವರು ಹತ್ತು ನಿಮಿಷವನ್ನು ಬಿಟ್ಟು ಇಪ್ಪತ್ತು ಸೆಕೆಂಡನ್ನು ಮಾತ್ರ ಎತ್ತಿಕೊಂಡಿದ್ದಾರೆ. ಕಾಲದ ಅಭಾವ ನೋಡಿ.

ಅಪ್ಪಿಕೊಂಡು ಬೆನ್ನ ಮೇಲೆ ಪಟಪಟ ಎರಡೇಟು ತಟ್ಟುವುದು ‘ಸಾಕು, ಬಿಡೋಣ’ ಎಂಬುದರ ಸಂಜ್ಞೆ. ಅದನ್ನು ಮೊದಲ ಕ್ಷಣದಲ್ಲೇ ತಟ್ಟಿದರೆ ಅಪ್ಪುಗೆ ಹುಟ್ಟುವ ಮೊದಲೇ ಮುಗಿಯಿತು. ಎದುರಿನವರ ಉಸಿರು ಒಮ್ಮೆ ಒಳಗೆ ಹೋಗಿ ಹೊರಗೆ ಬರುವವರೆಗೆ ಕೈ ಅಲುಗಿಸದೆ ಇರುವುದು ಒಳ್ಳೆಯ ಅಳತೆ. ಅವರ ಭುಜ ಸಡಿಲಾದರೆ ಇನ್ನೊಂದು ಉಸಿರು ಇರಬಹುದು. ಬಿಗಿಯಾದರೆ ಕೂಡಲೇ ಬಿಡಬೇಕು. ಮುಟ್ಟಿಸಿಕೊಳ್ಳುವುದೇ ಹಿತವಲ್ಲದವರಿದ್ದಾರೆ, ಅವರ ಅಕ್ಕರೆಗೇನೂ ಕೊರತೆಯಿಲ್ಲ. ಮಗುವೊಂದು ಮುತ್ತು ಕೊಡಲು ಒಲ್ಲೆ ಎಂದಾಗ ‘ಕೊಡು, ಕೊಡು’ ಎಂದು ಎಲ್ಲರೂ ಸೇರಿ ಒತ್ತಾಯಿಸುವುದಂತೂ ಬೇಡವೇ ಬೇಡ. ತನ್ನ ಮೈ ತನ್ನದು ಎಂಬ ಪಾಠವನ್ನು ಅದು ಕಲಿಯುತ್ತಿರುತ್ತದೆ.

ಇಷ್ಟೆಲ್ಲ ಮಾಡಿದರೆ ಮೈಗೆ ಏನು ಲಾಭ ಎಂದು ಕೇಳುವವರಿಗೂ ಉತ್ತರವಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶೆಲ್ಡನ್ ಕೋಹೆನ್ ತಂಡ 404 ಮಂದಿ ಆರೋಗ್ಯವಂತರನ್ನು 14 ಸಂಜೆ ಫೋನಿನಲ್ಲಿ ವಿಚಾರಿಸಿತು: ಇವತ್ತು ಯಾರಾದರೂ ಅಪ್ಪಿಕೊಂಡರಾ, ಯಾರ ಜೊತೆಗಾದರೂ ಜಗಳವಾಯಿತಾ? ಆಮೇಲೆ ಅವರ ಮೂಗಿಗೆ ನೆಗಡಿಯ ವೈರಾಣು ಇರುವ ಹನಿ ಹಾಕಿ, ಅವರನ್ನು ಪ್ರತ್ಯೇಕವಾಗಿ ಇರಿಸಿ ನೋಡಿತು. ಜಗಳವಿದ್ದರೂ ಆಸರೆ ಮತ್ತು ಅಪ್ಪುಗೆ ಹೆಚ್ಚು ಸಿಕ್ಕವರಲ್ಲಿ ಜಗಳದಿಂದ ಹೆಚ್ಚಬೇಕಾಗಿದ್ದ ಸೋಂಕಿನ ಅಪಾಯ ಹೆಚ್ಚಲಿಲ್ಲ. ಜೇಮ್ಸ್ ಕೋನ್ ಮತ್ತಿತರರ 2006ರ ಪ್ರಯೋಗ ಇನ್ನೂ ಸ್ವಾರಸ್ಯದ್ದು. 16 ಮಂದಿ ವಿವಾಹಿತ ಮಹಿಳೆಯರನ್ನು ಮೆದುಳಿನ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ, ಈಗ ಕಾಲಿಗೆ ಸಣ್ಣ ಶಾಕ್ ಬರಬಹುದು ಎಂದು ಸೂಚನೆ ಕೊಡುತ್ತಿದ್ದರು. ಗಂಡನ ಕೈ ಹಿಡಿದಿದ್ದಾಗ ಮೆದುಳಿನ ಹೆದರಿಕೆಯ ಚಟುವಟಿಕೆ ಇಳಿಯಿತು. ಅಪರಿಚಿತರ ಕೈಯಿಂದಲೂ ಇಳಿಯಿತು, ಅಷ್ಟಾಗಿ ಇಳಿಯಲಿಲ್ಲ. ದಾಂಪತ್ಯ ಚೆನ್ನಾಗಿದ್ದಷ್ಟೂ ಗಂಡನ ಕೈಯ ಗುಣ ಹೆಚ್ಚು. ಅಂದರೆ ಕೈ ಹಿಡಿದ ಆ ಗಳಿಗೆಯಲ್ಲಿ ಕೆಲಸ ಮಾಡಿದ್ದು ಹಿಂದಿನ ವರ್ಷಗಳಲ್ಲಿ ಕೂಡಿಟ್ಟದ್ದು.

ಪತ್ರಿಕೆಗಳು ಇದಕ್ಕೆಲ್ಲ ‘ಪ್ರೀತಿಯ ಹಾರ್ಮೋನು’, ಅಂದರೆ ಆಕ್ಸಿಟೋಸಿನ್, ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುತ್ತವೆ. ಅದರ ಪ್ರಭಾವವನ್ನು ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಡೇಲ್ ಮೊದಲು ಗಮನಿಸಿದ್ದು 1906ರಲ್ಲಿ, ಗರ್ಭಕೋಶವನ್ನು ಸಂಕುಚಿಸುವ ವಸ್ತುವಾಗಿ. ‘ಬೇಗ ಹೆರಿಗೆ’ ಎಂಬುದೇ ಆ ಗ್ರೀಕ್ ಹೆಸರಿನ ಅರ್ಥ. ಪಾಪ, ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದ ಅದರ ತಲೆಗೆ ಜಗತ್ತಿನ ಪ್ರೇಮವನ್ನೆಲ್ಲ ಕಟ್ಟಿದ್ದು ಆಮೇಲೆ.

ಕೊಟ್ಟವರಿಗೂ ಲಾಭವುಂಟೇ ಎಂದು ಕೇಳಿದವರು ಕೋರಿ ಫ್ಲಾಯ್ಡ್, ಅಮೆರಿಕದ ಸಂವಹನಶಾಸ್ತ್ರಜ್ಞ. 2007ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಐದು ವಾರಗಳಲ್ಲಿ ಮೂರು ಸಲ, ಒಂದೊಂದು ಸಲಕ್ಕೆ 20 ನಿಮಿಷ, ತಮಗೆ ಬೇಕಾದವರ ಮೇಲಿನ ಅಕ್ಕರೆಯ ಬಗ್ಗೆ ಬರೆಯಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಸಪ್ಪೆ ಸಂಗತಿಗಳನ್ನು ಬರೆಯಿತು. ಅಕ್ಕರೆ ಬರೆದವರ ಒಟ್ಟು ಕೊಲೆಸ್ಟರಾಲ್ ಇಳಿಯಿತು. ಭಾಗವಹಿಸಿದವರು ಕೆಲವೇ ಮಂದಿ, ಹಾಗಾಗಿ ಮಾತ್ರೆ ಬಿಟ್ಟು ಪೆನ್ನು ಹಿಡಿಯಬೇಕಾಗಿಲ್ಲ. ಆದರೂ ಓದಿದವರಿಗಲ್ಲದೆ ಬರೆದವರ ರಕ್ತದಲ್ಲೇ ಏನೋ ಬದಲಾಯಿತು ಎನ್ನುವುದು ಯೋಚನೆಗೆ ಹಚ್ಚುತ್ತದೆ.

ಬರೆಯುವುದು ಹೇಗೆ? ‘ನೀನು ತುಂಬಾ ಒಳ್ಳೆಯವಳು’ ಎಂಬುದು ಯಾರು ಯಾರಿಗೆ ಬೇಕಾದರೂ ಕಳಿಸಬಹುದಾದ ಶುಭಾಶಯ ಪತ್ರ. ಗುಣವಾಚಕವನ್ನು ಅಳಿಸಿ ಅಲ್ಲಿ ಒಂದು ದಿನ, ಒಂದು ಕೆಲಸ, ಅದರಿಂದ ತನಗಾದದ್ದು ಇಷ್ಟನ್ನು ಇಟ್ಟು ನೋಡಿ. ‘ಅವತ್ತು ಆಸ್ಪತ್ರೆಯಲ್ಲಿ ರಿಪೋರ್ಟಿಗೆ ಕಾಯ್ತಾ ಇದ್ದಾಗ ನೀನು ಏನೂ ಕೇಳದೆ ಪಕ್ಕದಲ್ಲಿ ಕೂತಿದ್ದೆಯಲ್ಲ, ಆ ಮುಕ್ಕಾಲು ಗಂಟೆ ನನಗೆ ಭಯ ಆಗಲಿಲ್ಲ.’ ಇದನ್ನು ಬೇರೆ ಯಾರಿಗೂ ಕಳಿಸಲು ಬರುವುದಿಲ್ಲ. ಇನ್ನೊಂದು ವಾಕ್ಯಕ್ಕೆ ಜಾಗವಿದ್ದರೆ, ‘ಮಾತಿಲ್ಲದೆ ಜೊತೆಗಿರೋದು ಎಲ್ಲರಿಗೂ ಬರಲ್ಲ’ ಎಂದು ಸೇರಿಸಬಹುದು. ಅಲ್ಲಿಗೆ ನಿಲ್ಲಿಸಬೇಕು. ಬಹಳಷ್ಟು ಒಳ್ಳೆಯ ಪತ್ರಗಳು ಕೆಡುವುದು ಇಲ್ಲಿಂದ ಮುಂದೆ, ‘ಆದರೆ’ ಎಂಬ ಪದದಿಂದ. ‘ಆದರೆ ನೀನು ಯಾವಾಗಲೂ ಹಾಗೇ ಇದ್ದಿದ್ದರೆ...’ ಎಂದ ಕೂಡಲೇ ಹಿಂದೆ ಬರೆದದ್ದೆಲ್ಲ ಗಾಳಕ್ಕೆ ಸಿಕ್ಕಿಸಿದ ಎರೆಹುಳುವಾಗುತ್ತದೆ. ಕೆಳಗೆ ಒಂದು ಸಹಾಯ ಕೇಳುವುದೂ ಅಷ್ಟೇ ಅನಾಹುತ. ಹೋಲಿಕೆಯೂ ಬೇಡ: ‘ನಿನ್ನ ಅಕ್ಕನಿಗಿಂತ ನೀನು ವಾಸಿ’ ಎಂಬ ಹೊಗಳಿಕೆಯಲ್ಲಿ ಒಂದೇ ಏಟಿಗೆ ಇಬ್ಬರಿಗೆ ಗಾಯ.

ಹೇಳಿದ್ದನ್ನು ಒಳಗೆ ಬಿಟ್ಟುಕೊಳ್ಳದವರೂ ಇದ್ದಾರೆ. ‘ಅಯ್ಯೋ ಬಿಡಿ, ಅದೇನು ಮಹಾ’ ಎಂದು ಬಾಗಿಲಲ್ಲೇ ತಡೆದು ಕಳಿಸುತ್ತಾರೆ. ವಿನಯ ಎಂದುಕೊಳ್ಳುತ್ತೇವೆ, ಎಷ್ಟೋ ಸಲ ಅದು ನಂಬಿಕೆಯ ಕೊರತೆ, ತಮ್ಮ ಮೇಲೆ ತಮಗೆ. ಡೆನಿಸ್ ಮ್ಯಾರಿಗೋಲ್ಡ್ ಮತ್ತು ಸಂಗಡಿಗರು 2007ರಲ್ಲಿ ಇಂಥವರನ್ನೇ ಅಧ್ಯಯನ ಮಾಡಿದರು. ಸಂಗಾತಿ ಹೊಗಳಿದ ಸಂದರ್ಭವನ್ನು ಸುಮ್ಮನೆ ನೆನೆಯುವುದರಿಂದ ಅವರಿಗೆ ಏನೂ ಆಗಲಿಲ್ಲ. ಸಂಗಾತಿ ಯಾಕೆ ಮೆಚ್ಚಿದರು, ಅದರ ಅರ್ಥವೇನು, ಅದು ಸಂಬಂಧಕ್ಕೆ ಏಕೆ ಮುಖ್ಯ ಎಂದು ಅವರಿಂದಲೇ ಬರೆಸಿದಾಗ ಹೊಗಳಿಕೆ ಒಳಗೆ ಇಳಿಯಿತು. ಮನೆಯಲ್ಲಿ ಪ್ರಬಂಧ ಬರೆಸಲಾಗದು. ಅವರು ‘ಅದೇನು ಮಹಾ’ ಎಂದಾಗ ವಾದಕ್ಕಿಳಿಯದೆ, ದನಿ ಏರಿಸದೆ, ‘ನನಗೆ ಅದು ಯಾಕೆ ದೊಡ್ಡದು ಅಂದರೆ’ ಎಂದು ಒಂದೇ ಕಾರಣ ಹೇಳಿ ಸುಮ್ಮನಾಗಬಹುದು. ಹೊಗಳಿಕೆಯ ಪ್ರಮಾಣ ಹೆಚ್ಚಿಸಿದರೆ ಅವರು ಇನ್ನೂ ಗಟ್ಟಿಯಾಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಜಗಳದ ನಡುವೆ ಅಕ್ಕರೆಗೆ ಜಾಗವಿದೆಯೇ? ಅಲ್ಲೇ ಹೆಚ್ಚು ಬೇಕು. ಗಾಟ್ಮನ್ ಮತ್ತು ರಾಬರ್ಟ್ ಲೆವೆನ್ಸನ್ ದಂಪತಿಗಳಿಗೆ 15 ನಿಮಿಷ ತಮ್ಮ ತಕರಾರಿನ ಬಗ್ಗೆಯೇ ಮಾತಾಡಲು ಬಿಟ್ಟು ನೋಡಿದಾಗ, ಗಟ್ಟಿಯಾಗಿ ಉಳಿದ ಜೋಡಿಗಳಲ್ಲಿ ಒಂದು ಕಹಿಗೆ ಸುಮಾರು ಐದು ಸಿಹಿ ಇದ್ದವು. ಇದನ್ನು ಬ್ಯಾಂಕಿನ ಲೆಕ್ಕ ಮಾಡಿಕೊಂಡು, ‘ಬೆಳಗ್ಗೆ ಐದು ಹೊಗಳಿಕೆ ಹಾಕಿದ್ದೇನೆ, ಈಗ ಒಂದು ಬೈಯಬಹುದು’ ಎನ್ನುವವರಿದ್ದಾರೆ. ಆ ಐದು ಎಣಿಕೆಯಾದದ್ದು ಜಗಳದ ಒಳಗೇ: ಒಂದು ತಲೆದೂಗು, ‘ಅದು ನೀನು ಹೇಳೋದು ಸರಿ’ ಎಂಬ ಒಪ್ಪಿಗೆ, ನಡುವೆ ಇಬ್ಬರಿಗೂ ಬಂದ ನಗು. ಬೆಳಗಿನ ಠೇವಣಿ ಸಂಜೆಗೆ ಚಲಾವಣೆಯಾಗುವುದಿಲ್ಲ. ಕ್ಷಮೆ ಕೇಳಬೇಕಾದಲ್ಲಿ ಮುದ್ದು ಮಾಡಿ ತೇಲಿಸುವುದೂ ನಡೆಯದು. ಮೊದಲು ‘ತಪ್ಪಾಯಿತು’, ಆಮೇಲೆ ಹೆಗಲ ಮೇಲೆ ಕೈ. ಮೊದಲಿನದು ಇಲ್ಲದೆ ಎರಡನೆಯದು ಬಂದರೆ ಆ ಕೈ ಬಾಯಿ ಮುಚ್ಚಿಸಲು ಬಂದಂತಿರುತ್ತದೆ. ಇನ್ನು ಅಕ್ಕರೆಯನ್ನು ತಡೆಹಿಡಿದು ಶಿಕ್ಷೆ ಕೊಡುವುದು, ವಾರಗಟ್ಟಲೆ ಮಾತು ಬಿಡುವುದು, ಆಮೇಲೆ ಒಂದೇ ದಿನ ಹೊಳೆ ಹರಿಸುವುದು ಇವು ಬೇರೆಯೇ ವ್ಯಾಪಾರ. ಅದಕ್ಕೆ ಅಕ್ಕರೆಯ ಹೆಸರು ಕೊಡಲು ನನಗೆ ಮನಸ್ಸಿಲ್ಲ.

ಹದಿಹರೆಯದವರ ಜೊತೆ ಇರುವ ಮುಖ್ಯ ಉಪಾಯ, ಎದುರಿಗೆ ನಿಲ್ಲದೆ ಪಕ್ಕದಲ್ಲಿರುವುದು. ನಡೆಯುವಾಗ, ಗಾಡಿಯಲ್ಲಿ ಹೋಗುವಾಗ, ಜೊತೆಗೆ ಬಟ್ಟೆ ಮಡಚುವಾಗ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ; ಆಗ ಒಂದು ವಾಕ್ಯ ನುಸುಳಿಸಬಹುದು. ಅವರ ಸ್ನೇಹಿತರೆದುರು ಮಾತ್ರ ಬೇಡ. ಉತ್ತರವಾಗಿ ‘ಹ್ಞೂಂ’ ಬಂದರೆ ಅದು ಪೂರ್ತಿ ಉತ್ತರವೆಂದೇ ತಿಳಿಯಬೇಕು.

ಇಷ್ಟಾದರೂ ನಾಲಿಗೆ ಏಳದವರಿಗೆ ಫೋನ್ ಕರೆಯ ಕೊನೆಯ ಹತ್ತು ಸೆಕೆಂಡುಗಳಿವೆ. ಹೇಳಬೇಕಾದದ್ದೆಲ್ಲ ಮುಗಿದಿರುತ್ತದೆ. ‘ಮತ್ತೇನು?’ ಎಂದು ಈ ಕಡೆಯವರು ಕೇಳುತ್ತಾರೆ. ‘ಮತ್ತೇನಿಲ್ಲ’ ಎಂದು ಆ ಕಡೆಯವರು. ‘ನೀನೇ ಹೇಳಬೇಕು.’ ‘ನನ್ನದೇನಿದೆ.’ ‘ಸರಿ ಹಾಗಾದರೆ, ಇಡಲಾ?’ ‘ಹ್ಞೂಂ, ಇಡು.’ ಇಬ್ಬರೂ ಇಡುವುದಿಲ್ಲ. ಒಂದೆರಡು ಕ್ಷಣ ತಂತಿಯ ಎರಡು ತುದಿಯಲ್ಲೂ ಉಸಿರಾಟ ಮಾತ್ರ ಕೇಳಿಸುತ್ತದೆ, ಎಲ್ಲೋ ಹಿಂದೆ ಒಂದು ಕುಕ್ಕರ್, ಒಂದು ಟಿವಿ. ‘ಇವತ್ತು ನಿನ್ನ ದನಿ ಕೇಳಿ ಖುಷಿಯಾಯ್ತು’ ಎನ್ನುವಷ್ಟು ಜಾಗ ಅಲ್ಲಿದೆ. ಹೇಳಿ ತಕ್ಷಣ ಇಟ್ಟುಬಿಡಬಹುದು. ಮುಜುಗರಪಡಲು ಇಬ್ಬರಿಗೂ ಸಮಯವಿರುವುದಿಲ್ಲ.